ಸಹರಿಯ ಬೆಳಕಿನಲ್ಲಿ ಬೆಳೆದ ಕೋಳಿಗಳು

ಅಫ್ಜಲುನ್ನೀಸಾ ಅವರು ಕೋಳಿಯೊಂದನ್ನು ಎತ್ತಿ ಅಂಗೈ ಮೇಲೆ ಸ್ವಲ್ಪ ಹೊತ್ತು ಕೂರಿಸಿಕೊಂಡರೆ ಅದರ ತೂಕ ಹೇಳಿಬಿಡುತ್ತಿದ್ದರು. ಆಮೇಲೆ ತಕ್ಕಡಿಗೆ ತೂಗುಹಾಕಿದರೆ ಹತ್ತಿಪ್ಪತ್ತು ಗ್ರಾಂ ಆಚೀಚೆ ಬರುತ್ತಿತ್ತು, ಅಷ್ಟೆ. ನಮ್ಮೂರಿನಲ್ಲಿ ಅವರನ್ನು ಎಲ್ಲರೂ ಅಫ್ಜಲಕ್ಕ ಎನ್ನುತ್ತಿದ್ದರು. ಈಗ ಅವರು ಊರಿನಲ್ಲಿಲ್ಲ. ಅವರ ಹೆಸರಿನ ಜೊತೆ ಒಂದು ತಮಾಷೆಯ ಮಾತು ಮಾತ್ರ ಉಳಿದುಕೊಂಡಿದೆ. ಅದೊಂದೇ ಉಳಿಯಬಾರದು ಎಂದು ಇದನ್ನು ಬರೆಯುತ್ತಿದ್ದೇನೆ. ನಾನು ಕಂಡದ್ದು, ಅವರೇ ನನಗೆ ಹೇಳಿದ್ದು, ನನ್ನ ತಾಯಿ ಸಂಘದ ಸಭೆಯಲ್ಲಿ ಕೂತು ಕೇಳಿದ್ದು, ಇಷ್ಟೇ ಇದರಲ್ಲಿದೆ.

ನಮ್ಮೂರು ಶಿರಾದಿಂದ ಮಧುಗಿರಿಗೆ ಹೋಗುವ ದಾರಿಯಿಂದ ಸ್ವಲ್ಪ ಒಳಗಿದೆ. ಊರಾಚೆ, ನಮ್ಮ ಮನೆಯ ಪಕ್ಕದಲ್ಲೇ, ಮಹಿಳಾ ಸಂಘದ ಕೋಳಿ ಶೆಡ್ಡಿದೆ. ಮೇಲೆ ಶೀಟು, ಸುತ್ತ ಸೊಂಟದೆತ್ತರದ ಗೋಡೆ, ಗೋಡೆಯ ಮೇಲೆ ಜಾಲರಿ. ನೋಡಿಕೊಳ್ಳುವವರಿಗೆಂದು ಶೆಡ್ಡಿಗೆ ಅಂಟಿಕೊಂಡು ಒಂದು ಕೋಣೆ, ಒಂದು ಅಡುಗೆಮನೆ. ಅಡುಗೆಮನೆಗೂ ಶೆಡ್ಡಿಗೂ ನಡುವೆ ಜಾಲರಿಯದೇ ಒಂದು ಕಿಟಕಿ. ಒಂದು ದಿನದ ಹೆಣ್ಣು ಮರಿಗಳನ್ನು ತಂದು, ಹದಿನೆಂಟು ವಾರ ಸಾಕಿ, ಲಸಿಕೆಗಳನ್ನೆಲ್ಲ ಹಾಕಿಸಿ, ಆಮೇಲೆ ಸಂಘದ ಇಪ್ಪತ್ತೆರಡು ಮನೆಗಳಿಗೆ ಹನ್ನೆರಡರಂತೆ ಹಂಚುವುದು ಅಲ್ಲಿನ ಕೆಲಸ. ಮಿಕ್ಕವನ್ನು ಪುರವರದಿಂದ, ಕೊಳಾಲದಿಂದ ಹೆಂಗಸರು ಬಂದು ಒಯ್ಯುತ್ತಿದ್ದರು. ಐದು ವರ್ಷ ಆ ಕೆಲಸ ಅಫ್ಜಲಕ್ಕನದಾಗಿತ್ತು.

ಅದಕ್ಕೆ ಮುಂಚೆ ಅವರು ಶಿರಾದಲ್ಲಿ, ಗಂಡನ ತಮ್ಮನ ಮನೆಯ ಒಂದು ಮೂಲೆಯಲ್ಲಿ, ಬೀಡಿ ಕಟ್ಟುತ್ತಿದ್ದರು. ಹೊಗೆಸೊಪ್ಪಿನ ಧೂಳಿಗೆ ಕೆಮ್ಮು ಹತ್ತಿ ಒಂದು ಮಳೆಗಾಲ ಪೂರ್ತಿ ಮಲಗಿದ್ದರಂತೆ. ಗಂಡ ನಸ್ರುಲ್ಲಾ ಸಾಬರು ಊರೂರು ತಿರುಗಿ ಹಳೆ ಹಾಸಿಗೆಗಳ ಹತ್ತಿ ಬಿಡಿಸಿ ಮತ್ತೆ ಹೊಲಿದುಕೊಡುವವರು. ಹಾಗೆ ನಮ್ಮೂರಿಗೆ ಬಂದಾಗ ಸಂಘದವರು ಕೋಳಿ ಸಾಕಲು ಜನ ಹುಡುಕುತ್ತಿರುವುದು ತಿಳಿದು ಹೆಂಡತಿಯನ್ನು ಕರೆತಂದರು. ಆರು ತಿಂಗಳಲ್ಲಿ ಕೆಮ್ಮು ಹೋಯಿತು. ಅಫ್ಜಲಕ್ಕ ನನಗೆ ಒಮ್ಮೆ ಹೇಳಿದ್ದರು, "ಬೀಡಿ ಕಟ್ಟೋವಾಗ ನನ್ನ ಹೆಸರು ಯಾರಿಗೂ ಗೊತ್ತಿರ್ಲಿಲ್ಲ ಬೇಟಿ. ಇಲ್ಲಿ ಪುರವರದಿಂದ ಬಂದೋರು ಅಫ್ಜಲಕ್ಕನ ಕೋಳಿ ಕೊಡಿ ಅಂತಾರೆ."

ನಾಲ್ಕನೆಯ ವರ್ಷದ ಕೊನೆಯಲ್ಲಿ ಕೊಕ್ಕರೆ ರೋಗ ಬಂದು ಒಂದು ತಂಡದ ಮರಿಗಳೆಲ್ಲ ಸತ್ತವು. ಆ ಸಲ ಲಸಿಕೆ ತಡವಾಗಿ ಬಂದಿತ್ತು. ಅದು ಅಫ್ಜಲಕ್ಕನ ತಪ್ಪಲ್ಲ ಎಂದು ಸಂಘದ ಅಧ್ಯಕ್ಷೆ ರಾಜಲಕ್ಷ್ಮಮ್ಮನವರಿಗೂ ಗೊತ್ತಿತ್ತು. ಆದರೂ ಅವರು ಎಲ್ಲರೆದುರಿಗೆ ಹೇಳಿದರು, "ಇದೊಂದು ಸಲ ನೋಡ್ತೀವಿ ಕಣಮ್ಮ. ಇದೂ ಕೈಕೊಟ್ರೆ ಬೇರೆಯೋರ್ಗೆ ಬುಟ್ಕೊಡಬೇಕಾಯ್ತದೆ. ಬೇಜಾರು ಮಾಡ್ಕೋಬ್ಯಾಡ."

ಶೆಡ್ಡು ಹೋದರೆ ಕೋಣೆಯೂ ಹೋಗುತ್ತದೆ. ಕೋಣೆ ಹೋದರೆ ಶಿರಾದ ಆ ಮೂಲೆ, ಆ ಕೆಮ್ಮು. ಅಫ್ಜಲಕ್ಕ ಇದನ್ನು ಬಾಯಿಬಿಟ್ಟು ಹೇಳಿದವರಲ್ಲ. ಡಿಸೆಂಬರ್ ಮೊದಲ ವಾರ ಮುನ್ನೂರು ಹೊಸ ಮರಿಗಳು ಬಂದ ದಿನದಿಂದ ಅವರು ನಡೆಯುತ್ತಿದ್ದ ರೀತಿಯಲ್ಲೇ ಅದು ಗೊತ್ತಾಗುತ್ತಿತ್ತು. ಶೆಡ್ಡಿನ ಒಳಗೆ ಹೋಗುವಾಗ ಪ್ರತಿ ಸಲ ಕಾಲು ತೊಳೆಯುತ್ತಿದ್ದರು. ನೀರಿನ ಪಾತ್ರೆಗಳನ್ನು ದಿನಕ್ಕೆರಡು ಸಲ ಉಜ್ಜುತ್ತಿದ್ದರು.

ಮೊಟ್ಟೆ ಕೋಳಿ ಸಾಕುವವರು ಮೊಟ್ಟೆ ಬರುವಾಗ ಎಚ್ಚರ ವಹಿಸಿದರೆ ಸಾಲದು, ಕೋಳಿ ಇನ್ನೂ ಹುಡುಗಿಯಾಗಿರುವಾಗಲೇ ಎಲ್ಲ ತೀರ್ಮಾನವಾಗಿಬಿಡುತ್ತದೆ ಎನ್ನುವುದು ಅವರಿಗೆ ಚೆನ್ನಾಗಿ ತಿಳಿದಿತ್ತು. ಮೊದಲ ಎಂಟು ವಾರ ಮರಿಗಳಿಗೆ ಬೇಕಾದಷ್ಟು ಮೇವು. ಆಮೇಲೆ ಕೈ ಬಿಗಿ ಹಿಡಿಯಬೇಕು. ಆಗ ಮೇವು ಕಡಿಮೆಯಾದರೆ ಕೋಳಿ ಬೆಳೆಯುವುದಿಲ್ಲ, ಹೆಚ್ಚಾದರೆ ಹೊಟ್ಟೆಯಲ್ಲಿ ಕೊಬ್ಬು ಕಟ್ಟುತ್ತದೆ. ಅವರು ಪ್ರತಿ ಶುಕ್ರವಾರ ಮೂವತ್ತು ಕೋಳಿ ತೂಗಿ, ಕೋಣೆಯ ಗೋಡೆಯ ಮೇಲೆ ಇದ್ದಿಲಿನಿಂದ ಒಂದು ಗೆರೆ ಎಳೆಯುತ್ತಿದ್ದರು. ಇಷ್ಟು ವಾರಕ್ಕೆ ಇಷ್ಟಿರಬೇಕು ಎನ್ನುವ ಗೆರೆ ಮೊದಲೇ ಇತ್ತು. ಹೊಸ ಗೆರೆ ಅದರ ಪಕ್ಕದಲ್ಲಿ ಏರುತ್ತಿತ್ತು. ಹನ್ನೆರಡು ವಾರದ ತನಕ ಎರಡೂ ಅಕ್ಕಪಕ್ಕ ಜೋಡಿಯಂತೆ ಹೋದವು.

ಆ ವರ್ಷ ರಂಜಾನ್ ಮಾರ್ಚಿನಲ್ಲಿ ಬಂತು.

ರೋಜಾ, ಅಂದರೆ ಉಪವಾಸದ, ತಿಂಗಳಲ್ಲಿ ಅವರು ಬೆಳಗಿನ ನಾಲ್ಕು ಗಂಟೆಗೆ ಎದ್ದು ಒಲೆ ಹಚ್ಚುತ್ತಿದ್ದರು. ಬೆಳಕು ಹರಿಯುವುದಕ್ಕೆ ಮುಂಚೆ ಉಣ್ಣುವ ಆ ಊಟಕ್ಕೆ ಸಹರಿ ಎನ್ನುತ್ತಾರೆ. ಅಡುಗೆಮನೆಯ ಬಲ್ಬು ಹಾಕಿದೊಡನೆ ಕಿಟಕಿಯ ಜಾಲರಿಯಿಂದ ಬೆಳಕು ಶೆಡ್ಡಿನೊಳಗೆ ಬೀಳುತ್ತಿತ್ತು. ಕೋಳಿಗಳು ಎದ್ದು ಆ ಕಿಟಕಿಯ ಕೆಳಗೆ ಒಂದರ ಮೇಲೊಂದು ಮುಗಿಬೀಳುತ್ತಿದ್ದವು. ಹೀಗೆ ತುಳಿದಾಡಿ ಸತ್ತಾವು ಎಂದು ಎರಡನೆಯ ದಿನ ಅಫ್ಜಲಕ್ಕ ಶೆಡ್ಡಿನ ಬಲ್ಬುಗಳನ್ನೂ ಹಾಕಿದರು. ಕೋಳಿಗಳು ಹರಡಿಕೊಂಡವು. ಆದರೆ ಖಾಲಿ ತೊಟ್ಟಿಗಳ ಹತ್ತಿರ ನಿಂತು ಕೂಗತೊಡಗಿದವು. ಹಸಿದ ಜೀವ ನೋಡುತ್ತಿರುವಾಗ ಬಾಯಿಗೆ ತುತ್ತಿಡಬಾರದು ಎಂದು ಅಫ್ಜಲಕ್ಕನಿಗೆ ಚಿಕ್ಕಂದಿನಲ್ಲಿ ಅವರ ತಾಯಿ ಕಲಿಸಿದ್ದರಂತೆ. ಅವರು ತಟ್ಟೆ ಕೆಳಗಿಟ್ಟು ಎದ್ದುಹೋಗಿ ಒಂದು ಬೋಗುಣಿ ಜೋಳದ ನುಚ್ಚು ಎರಚಿ ಬಂದರು. ಆಮೇಲೆ ಊಟ ಮಾಡಿದರು.

"ಇನ್ನೂರೈವತ್ತು ಗ್ರಾಂ ಅನ್ನಕ್ಕೆ ಮುನ್ನೂರು ಜನ ನೆಂಟ್ರು," ಎಂದು ನಸ್ರುಲ್ಲಾ ಸಾಬರು ನಗುತ್ತಿದ್ದರಂತೆ. "ಅವಕ್ಕೂ ರೋಜಾ ಇಡಿಸ್ತೀಯೇನು?"

"ತಿಂತಿರೋದು ತಿನ್ನಿ ಸುಮ್ನೆ. ಅವು ನೋಡ್ತಾ ಇದ್ರೆ ನಂಗೆ ನುಂಗೋಕಾಗಲ್ಲ."

ಮೂವತ್ತು ದಿನ ಹೀಗೆ ನಡೆಯಿತು. ಹಿಂದಿನ ರಂಜಾನ್‌ಗಳಲ್ಲೂ ಅವರು ನಾಲ್ಕಕ್ಕೇ ಬಲ್ಬು ಹಾಕುತ್ತಿದ್ದರು. ಆದರೆ ಆಗ ಶೆಡ್ಡಿನಲ್ಲಿದ್ದವು ಎಳೆ ಮರಿಗಳು. ಎಳೆ ಮರಿಗೆ ಬೆಳಕೂ ಬೇಕು, ಮೇವೂ ಬೇಕು. ಏನೂ ಆಗಿರಲಿಲ್ಲ. ಬೆಳೆಯುವ ಕೋಳಿಗೆ ರಾತ್ರಿ ದೀಪ ಬೇಡ ಎಂದು ಸಂಘ ಕೊಡಿಸಿದ್ದ ತರಬೇತಿಯಲ್ಲಿ ಹೇಳಿದ್ದನ್ನು ಅವರು ತಪ್ಪದೆ ಪಾಲಿಸುತ್ತಿದ್ದರು. ಸಂಜೆ ಕತ್ತಲಾದ ಮೇಲೆ ಶೆಡ್ಡಿನಲ್ಲಿ ಒಂದು ಬಲ್ಬೂ ಇರುತ್ತಿರಲಿಲ್ಲ. ಬೆಳಗಿನ ನಾಲ್ಕು ಗಂಟೆಯನ್ನು ಅವರು ರಾತ್ರಿ ಎಂದು ಎಣಿಸಲಿಲ್ಲ. ಗೋಡೆಯ ಮೇಲೆ ಹೊಸ ಗೆರೆ ಹಳೆಯದನ್ನು ದಾಟಿ ಮೇಲಕ್ಕೆ ಹೋಯಿತು. ಅದನ್ನು ನೋಡಿ ಅವರು ಸಂತೋಷಪಟ್ಟರು.

ಯುಗಾದಿಯ ಮಾರನೆಯ ದಿನವೇ ಈದ್ ಬಂತು. ನಮ್ಮಲ್ಲಿ ಆ ದಿನ ವರ್ಷದ ತೊಡಕು, ಮನೆಮನೆಯಲ್ಲೂ ಮಾಂಸದಡುಗೆ. ಬೆಳಿಗ್ಗೆ ಸಂಘದ ದಾಸಮ್ಮ ಶೆಡ್ಡಿನ ಹತ್ತಿರ ಬಂದು ಜಾಲರಿಗೆ ಮುಖವಿಟ್ಟು, "ಅಫ್ಜಲಕ್ಕಾ, ಎಂಗೂ ಹನ್ನೆರಡು ನಂದೇ ಅಲ್ವಾ, ತೊಡಕಿಗೆ ಒಂದನ್ನ ಈಗ್ಲೇ ಕೊಟ್ಬುಡು," ಎಂದು ರೇಗಿಸುತ್ತಿದ್ದಳು.

"ನಿನ್ನ ಕುಯ್ದು ಸಾರು ಮಾಡ್ತೀನಿ ನೋಡು," ಎನ್ನುತ್ತಾ ಅಫ್ಜಲಕ್ಕ ಹೊಸ ಸೀರೆಯಲ್ಲೇ ಒಳಗೆ ಹೋದವರು ಅಲ್ಲೇ ನಿಂತುಬಿಟ್ಟರು. ಮೂಲೆಯಲ್ಲಿ, ನೆಲಕ್ಕೆ ಹಾಸಿದ್ದ ಹೊಟ್ಟಿನ ಮೇಲೆ ಒಂದು ಮೊಟ್ಟೆಯಿತ್ತು. ಹದಿನೇಳು ವಾರ ಕೂಡ ತುಂಬಿರಲಿಲ್ಲ. ಈ ತಳಿಗೆ ಇಪ್ಪತ್ತೆರಡು ವಾರವಾದರೂ ಆಗಬೇಕು.

ದಾಸಮ್ಮ ಅದನ್ನು ಕೈಯಲ್ಲಿ ಹಿಡಿದು, "ಪಾರಿವಾಳದ ಮೊಟ್ಟೆ ಇದ್ದಂಗೈತೆ," ಎಂದಳು. ಆದರೂ ಊರಿಗೆಲ್ಲ ಸುದ್ದಿ ಹಬ್ಬಿಸಿದವಳು ಅವಳೇ. ಒಂದು ವಾರದಲ್ಲಿ ದಿನಕ್ಕೆ ನಲವತ್ತು ಐವತ್ತು ಮೊಟ್ಟೆ ಬರತೊಡಗಿದವು. ಎಲ್ಲವೂ ಸಣ್ಣವೇ. ರಾಜಲಕ್ಷ್ಮಮ್ಮನವರು ಬಂದು ನೋಡಿ, "ಗೆದ್ಬುಟ್ಟೆ ಕಣಮ್ಮ," ಎಂದು ಬೆನ್ನು ತಟ್ಟಿದರು. ಅಫ್ಜಲಕ್ಕನಿಗೆ ಒಳಗೊಳಗೇ ಏನೋ ಸರಿಯಿಲ್ಲ ಎನಿಸಿತ್ತಂತೆ. ಆದರೆ ಅಷ್ಟು ಜನ ನಗುತ್ತಿರುವಾಗ ಹೇಳಲಾಗಲಿಲ್ಲ ಎಂದು ಆಮೇಲೆ ನನಗೆ ಹೇಳಿದರು.

ಏಪ್ರಿಲ್ ಎರಡನೆಯ ವಾರ ಕೋಳಿಗಳನ್ನು ಹಂಚಿದರು. ನಮ್ಮ ಮನೆಗೂ ಹನ್ನೆರಡು ಬಂದವು.

ಮೊದಲು ಸತ್ತದ್ದು ದಾಸಮ್ಮನ ಮನೆಯದು. ಮೊಟ್ಟೆಯಿಟ್ಟ ಮೇಲೆ ಅದರ ಹಿಂಭಾಗದ ಒಳಮಾಂಸ ಮತ್ತೆ ಒಳಗೆ ಹೋಗದೆ ಕೆಂಪಗೆ ಹೊರಗೇ ಉಳಿಯಿತು. ಕೆಂಪು ಕಂಡರೆ ಕೋಳಿಗಳು ಬಿಡುವುದಿಲ್ಲ, ಮಿಕ್ಕವು ಕುಕ್ಕಿ ಕುಕ್ಕಿ ಕರುಳೆಳೆದವು. ಆಮೇಲೆ ನಮ್ಮ ಮನೆಯಲ್ಲಿ ಮೂರು. ಆಮೇಲೆ ಎಲ್ಲರ ಮನೆಯಲ್ಲೂ ಆಯಿತು. ಮೇ ತಿಂಗಳು ಬರುವಷ್ಟರಲ್ಲಿ ಅರ್ಧಕ್ಕರ್ಧ ಕೋಳಿ ಸತ್ತಿದ್ದವು, ಉಳಿದವು ಮೊಟ್ಟೆ ನಿಲ್ಲಿಸಿ ಪುಕ್ಕ ಉದುರಿಸುತ್ತಿದ್ದವು. ಹೆಂಗಸರು ಸತ್ತವನ್ನು ಮಂಕರಿಯಲ್ಲಿಟ್ಟು ಬಟ್ಟೆ ಮುಚ್ಚಿ ತಂದು ಶೆಡ್ಡಿನ ಬಾಗಿಲಲ್ಲಿ ಇಳಿಸಿಹೋಗುತ್ತಿದ್ದರು. ಯಾರೂ ಬೈಯಲಿಲ್ಲ. ಅಫ್ಜಲಕ್ಕ ಒಂದೊಂದನ್ನೂ ಎತ್ತಿ ನೋಡಿ, ಹಿತ್ತಲಲ್ಲಿ ಗುಂಡಿ ತೋಡಿ ಹೂಳುತ್ತಿದ್ದರು. ಆ ದಿನಗಳಲ್ಲಿ ಅವರ ಅಡುಗೆಮನೆಯಿಂದ ಹೊಗೆ ಬಂದದ್ದೇ ಕಡಿಮೆ.

ಪಶು ಆಸ್ಪತ್ರೆಯ ಪ್ರಸನ್ನ ಕುಮಾರ್ ಬಂದ ದಿನ ಶೆಡ್ಡಿನಲ್ಲಿ ಅಫ್ಜಲಕ್ಕ, ನಸ್ರುಲ್ಲಾ ಸಾಬರು, ಅಮ್ಮ ಕಳಿಸಿದ್ದ ಅರಿಸಿನ ಕೊಡಲು ಹೋಗಿದ್ದ ನಾನು, ಇಷ್ಟೇ ಜನ ಇದ್ದದ್ದು. ಡಾಕ್ಟರು ಸತ್ತ ಕೋಳಿಯೊಂದನ್ನು ಕೊಯ್ದು ತೋರಿಸಿದರು. ಒಳಗೆ ಬೆರಳು ದಪ್ಪದ ಹಳದಿ ಕೊಬ್ಬು. ಸೊಂಟದ ಎರಡು ಮೂಳೆಗಳ ನಡುವೆ ಬೆರಳಿಟ್ಟು, "ನೋಡಿ, ಜಾಗಾನೇ ಇಲ್ಲ," ಎಂದರು. ಆಮೇಲೆ ಒಂದೊಂದಾಗಿ ಕೇಳುತ್ತಾ ಹೋದರು. ಮೇವು ಎಷ್ಟು, ಯಾವಾಗ, ದೀಪ ಎಷ್ಟು ಹೊತ್ತು. ಅಫ್ಜಲಕ್ಕ ಏನನ್ನೂ ಮುಚ್ಚಿಡದೆ ಹೇಳಿದರು. ನಾಲ್ಕು ಗಂಟೆ ಎಂದಾಗ ಪ್ರಸನ್ನ ಕುಮಾರ್ ಕೈ ಒರೆಸಿಕೊಳ್ಳುವುದನ್ನು ನಿಲ್ಲಿಸಿದರು.

"ಕೋಳಿ ಕ್ಯಾಲೆಂಡರ್ ನೋಡಲ್ಲ ಅಮ್ಮಾ, ಬೆಳಕು ನೋಡ್ತದೆ. ಹಗಲು ಇದ್ದಕ್ಕಿದ್ದಂಗೆ ಉದ್ದ ಆದ್ರೆ, ಮರಿ ಮಾಡೋ ಕಾಲ ಬಂತು ಅಂತ ಅದರ ಮೈ ತಿಳ್ಕೊಂಡುಬಿಡ್ತದೆ. ಎಂಟು ವಾರದಿಂದ ಹದಿನೆಂಟು ವಾರದವರೆಗೆ ಬೆಳಕು ಹೆಚ್ಚಿಸ್ಲೇಬಾರದು. ಮೂಳೆ ಬಲಿಬೇಕಲ್ಲ? ಮೊಟ್ಟೆ ಶುರುವಾದ ಮೇಲೆ ನಿಧಾನಕ್ಕೆ ಹೆಚ್ಚಿಸ್ಬೇಕು, ಆಮೇಲೆ ಇಳಿಸ್ಬಾರದು. ನೀವು ಬೇಡದಾಗ ಎರಡೂವರೆ ಗಂಟೆ ಹೆಚ್ಚಿಸಿದ್ರಿ, ಹಬ್ಬ ಮುಗೀತು, ಬೇಕಾದಾಗ ಇಳಿಸಿಬಿಟ್ರಿ."

"ತೂಕ ಚೆನ್ನಾಗಿ ಬಂದಿತ್ತಲ್ಲಾ ಡಾಕ್ಟ್ರೇ?"

"ಆ ತೂಕ ಮೂಳೇದಲ್ಲ. ನಿಮ್ಮ ನುಚ್ಚಿಂದು."

ಅಫ್ಜಲಕ್ಕ ಕಿಟಕಿಯ ಕಡೆ ನೋಡಿದರು. "ಅದಕ್ಕೊಂದು ಗೋಣಿತಾಟು ಕಟ್ಟಿದ್ರೆ ಸಾಕಿತ್ತಾ?"

ಪ್ರಸನ್ನ ಕುಮಾರ್ ತಮ್ಮ ಚೀಲ ಎತ್ತಿಕೊಂಡರು. "ಸಾಕಿತ್ತು," ಎಂದರು.

ಅವರು ಹೋದ ಮೇಲೆ ನಸ್ರುಲ್ಲಾ ಸಾಬರು ಹೆಂಡತಿಯ ಹತ್ತಿರ ಉರ್ದುವಿನಲ್ಲಿ ಮೆಲ್ಲಗೆ ಮಾತಾಡಿದರು. ನನಗೆ ಅರ್ಥವಾದಷ್ಟು ಬರೆಯುತ್ತೇನೆ. ಊರಿನವರೆಲ್ಲ ಮರಿಗಳೇ ಕೆಟ್ಟವು ಎಂದುಕೊಂಡಿದ್ದಾರೆ, ಹಾಗೇ ಅಂದುಕೊಳ್ಳಲಿ, ನೀನು ಬಾಯಿ ತೆರೆಯಬೇಡ, ನಿನ್ನೆದೆ ಇನ್ನೊಂದು ಸಲ ಆ ಧೂಳು ತಡೆಯುವುದಿಲ್ಲ, ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನೀನೂ ಕೇಳಿಲ್ಲ ಬೇಟಿ," ಎಂದರು. ನಾನು ತಲೆಯಾಡಿಸಿದೆ. ಮನೆಯಲ್ಲೂ ಹೇಳಲಿಲ್ಲ.

ಅಫ್ಜಲಕ್ಕನೂ ಮೂರು ವಾರ ಸುಮ್ಮನಿದ್ದರು. ಅವರು ಹಾಗೇ ಇದ್ದುಬಿಡುತ್ತಿದ್ದರೋ ಏನೋ. ಒಂದು ಬೆಳಿಗ್ಗೆ ದಾಸಮ್ಮ ಹನ್ನೆರಡನೆಯ ಕೋಳಿಯನ್ನು ತಂದು ಇಳಿಸಿ, ಹೋಗದೆ ಅಲ್ಲೇ ಕೂತಳು. ಗಂಡನೂ ಅತ್ತೆಯೂ ಸೇರಿ ಇದು ನಿನ್ನ ಕೈಗುಣ, ನೀನು ಮುಟ್ಟಿದ್ದು ಏನು ಉಳಿದಿದೆ ಎನ್ನುತ್ತಾರೆ, ದಿನಾ ತಟ್ಟೆ ಮುಂದೆ ಕೂತಾಗಲೇ ಶುರುಮಾಡುತ್ತಾರೆ ಎಂದು ಹೇಳಿ ಅತ್ತಳು. ಕೊನೆಗೆ, "ನಿಜ್ವೇನೋ ಅಕ್ಕ. ನನ್ನ ಕೈಯಲ್ಲೇ ಏನೋ ಐತೆ," ಎಂದಳು.

ಅಫ್ಜಲಕ್ಕ ಆ ಕೋಳಿಯನ್ನೂ ಹೂತು ಬಂದರು. ಮುಂದಿನ ಸೋಮವಾರ ಸಂಘದ ಸಭೆಯಿತ್ತು.

ಸಭೆಯಲ್ಲಿ ರಾಜಲಕ್ಷ್ಮಮ್ಮನವರು ಮೊದಲೇ ಬರೆಸಿಕೊಂಡು ಬಂದಿದ್ದ ಕಾಗದ ಓದಿದರು. ಮರಿ ಕಳಿಸಿದವರು ಕೆಟ್ಟ ಮರಿ ಕಳಿಸಿದ್ದಾರೆ, ಬೇರೆ ಕಡೆಯಿಂದ ತರಿಸಬೇಕು ಎಂದು ಅದರಲ್ಲಿತ್ತು. "ಎಲ್ರೂ ಸೈನ್ ಹಾಕ್ರಮ್ಮ. ಅಫ್ಜಲಮ್ಮ, ನೀನು ಹೆಬ್ಬೆಟ್ಟು ಒತ್ತು. ಮುಂದಿನ ಮರಿ ಜುಲೈಗೆ, ನೀನೇ ಸಾಕಬೇಕು." ಅಷ್ಟು ಸುಲಭವಾಗಿತ್ತು. ಹೆಬ್ಬೆಟ್ಟು ಒತ್ತಿದ್ದರೆ ಶೆಡ್ಡು ಉಳಿಯುತ್ತಿತ್ತು.

ಅಫ್ಜಲಕ್ಕ ಎದ್ದು ನಿಂತರಂತೆ. "ಬರೀಬೇಡಿ ಅಧ್ಯಕ್ಷರೇ. ಮರಿ ಚೆನ್ನಾಗಿದ್ವು. ಇಲ್ಲಿರೋ ಯಾರ ಕೈಗುಣಾನೂ ಅಲ್ಲ. ದಾಸಮ್ಮಂದೂ ಅಲ್ಲ. ಕೆಡಿಸಿದ್ದು ನಾನು." ಆಮೇಲೆ ಬೆಳಕಿನದು, ನುಚ್ಚಿನದು, ಎಲ್ಲ ಹೇಳಿದರು. ಹೇಳುವುದು ಮುಗಿದಾಗ ಹಿಂದಿನಿಂದ ಒಬ್ಬಳು, ಯಾರೆಂದು ನನ್ನ ತಾಯಿ ನನಗೆ ಹೇಳಲಿಲ್ಲ, "ಉಪವಾಸ ಅಫ್ಜಲಕ್ಕಂದು, ಊಟ ಕೋಳೀದು," ಎಂದಳು. ಒಬ್ಬರು ನಕ್ಕರು, ಆಮೇಲೆ ಎಲ್ಲರೂ ನಕ್ಕರು. ನನ್ನ ತಾಯಿಯೂ ನಕ್ಕರಂತೆ. ಅದನ್ನು ಅವರೇ ನನಗೆ ಹೇಳಿದರು, ಹೇಳುವಾಗ ನನ್ನ ಮುಖ ನೋಡಲಿಲ್ಲ.

"ರೋಜಾದ ಮೇಲೆ ಹಾಕಬೇಡಿ," ಎಂದರು ಅಫ್ಜಲಕ್ಕ. "ಮೊಬೈಲ್ ಬೆಳಕಲ್ಲಿ ಉಣ್ಣಬಹುದಾಗಿತ್ತು. ಕಿಟಕಿಗೆ ಗೋಣಿತಾಟು ಕಟ್ಟಬಹುದಾಗಿತ್ತು. ಕಟ್ಟಲಿಲ್ಲ. ಅದು ನನ್ನ ತಪ್ಪು."

ಹೊರಗೆ ಬಂದಾಗ ದಾಸಮ್ಮ ಅವರ ಹತ್ತಿರ ಬಂದು, "ನಿಂಗೆ ಯಾವಾಗಿಂದ ಗೊತ್ತಿತ್ತು?" ಎಂದು ಕೇಳಿದಳು. ಮೂರು ವಾರ ಎಂದರು. "ಮೂರು ವಾರ ನಾನು ಬೈಸ್ಕೊಂಡು ಉಂಡಿದ್ದೀನಲ್ಲಕ್ಕ," ಎಂದಳು. ಮತ್ತೆ ಅವಳು ಶೆಡ್ಡಿನ ಕಡೆ ಬರಲಿಲ್ಲ.

ಶೆಡ್ಡು ಲೋಹಿತಾಗೆ ಹೋಯಿತು. ಸಂಘದಲ್ಲಿ ಅವಳೇ ಎಲ್ಲರಿಗಿಂತ ಚಿಕ್ಕವಳು, ಚುರುಕು. ಬೀಗದ ಕೈ ಕೊಡುವ ದಿನ ಅಫ್ಜಲಕ್ಕ ಅವಳನ್ನು ಕೂರಿಸಿಕೊಂಡು ಒಂದು ಗಂಟೆ ಎಲ್ಲ ಹೇಳಿದರು. ಗೋಡೆಯ ಗೆರೆ ಹೇಗೆ ಓದುವುದು, ಮೇವು ಯಾವಾಗ ಬಿಗಿ ಮಾಡುವುದು, ಬೆಳಕನ್ನು ಯಾವಾಗ ಹೆಚ್ಚಿಸಬಾರದು, ಸೊಂಟದ ಮೂಳೆಗಳ ನಡುವೆ ಎಷ್ಟು ಬೆರಳು ಜಾಗವಿರಬೇಕು. ಲೋಹಿತಾ ಎಲ್ಲದಕ್ಕೂ ಹೂಂ ಎಂದಳು. ಕೊನೆಗೆ ಕೇಳಿದಳು, "ಅಕ್ಕಾ, ಹದ್ನೇಳು ವಾರಕ್ಕೇ ಮೊಟ್ಟೆ ಬಂತಲ್ಲ, ಆವಾಗ ಎಷ್ಟು ಬಲ್ಬು ಹಾಕ್ತಿದ್ರಿ?"

ಜೂನ್ ತಿಂಗಳಲ್ಲಿ ಇಬ್ಬರೂ ಶಿರಾಕ್ಕೆ ಹೋದರು. ಜುಲೈನಲ್ಲಿ ಹೊಸ ಮರಿ ಬಂದವು. ಲೋಹಿತಾ ಗೋಡೆಗಳಿಗೆ ಸುಣ್ಣ ಹೊಡೆಸಿದಳು. ಅಕ್ಟೋಬರ್ ಮೊದಲ ವಾರ ಒಂದು ಸಂಜೆ ನೋಡಿದೆ, ಕತ್ತಲಾದ ಮೇಲೂ ಶೆಡ್ಡಿನಲ್ಲಿ ಆರು ಬಲ್ಬು ಉರಿಯುತ್ತಿದ್ದವು. ಮಾರನೆಯ ದಿನವೂ ಉರಿದವು. ನನಗೆ ಲೋಹಿತಾ ಹತ್ತಿರ ಹೋಗಿ ಹೇಳುವ ಧೈರ್ಯವಿರಲಿಲ್ಲ. ಅಫ್ಜಲಕ್ಕನಿಗೆ ಫೋನ್ ಮಾಡಿದೆ.

"ಎಷ್ಟು ವಾರ ಆಯ್ತು ಅವಕ್ಕೆ?"

"ಹನ್ನೆರಡು."

ಅವರು ಮಧ್ಯಾಹ್ನದ ಬಸ್ಸಿಗೇ ಬಂದರು. ಮುಖ ಸಣ್ಣಗಾಗಿತ್ತು. ರಸ್ತೆಯಿಂದ ಊರಿಗೆ ನಡೆದು ಬರುವಷ್ಟರಲ್ಲಿ ಮೂರು ಸಲ ನಿಂತು ಕೆಮ್ಮಿದರು. ಲೋಹಿತಾ ಮರ್ಯಾದೆಯಿಂದಲೇ ಒಳಗೆ ಕರೆದು ಟೀ ಕೊಟ್ಟಳು. ಅಫ್ಜಲಕ್ಕ ಮಾತು ಶುರು ಮಾಡುತ್ತಿದ್ದಂತೆ ತನ್ನ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದಳು. ಅದರಲ್ಲಿ ಒಬ್ಬರು ದಿನಕ್ಕೆ ಹದಿನಾರು ಗಂಟೆ ಬೆಳಕು ಕೊಟ್ಟರೆ ಮೊಟ್ಟೆ ಹೆಚ್ಚುತ್ತದೆ ಎನ್ನುತ್ತಿದ್ದರು.

"ಅದು ಮೊಟ್ಟೆ ಇಡೋ ಕೋಳಿಗೆ ಬೇಟಿ. ಇವು ಇನ್ನೂ ಮಕ್ಕಳು. ಈಗ್ಲೂ ಹೊತ್ತು ಮೀರಿಲ್ಲ, ಇವತ್ತಿಂದ ಆರಿಸಿಬಿಡು."

"ನೋಡಾಣ ಬುಡಿ ಅಕ್ಕ."

"ನೋಡೋದಲ್ಲ. ನಾನು ಕೈ ಮುಗೀತೀನಿ."

ಲೋಹಿತಾ ಟೀ ಲೋಟ ಎತ್ತಿಕೊಂಡು ಎದ್ದಳು. "ನಿಮ್ದು ಆಗ್ಲಿಲ್ಲ ಅಂತ ನಮ್ದೂ ಆಗ್ಬಾರ್ದಾ ಅಕ್ಕಾ?"

ಅಫ್ಜಲಕ್ಕ ಎದ್ದು ಹೊರಟರು. ನಾನು ರಸ್ತೆಯವರೆಗೆ ಅವರ ಜೊತೆ ಹೋದೆ. ಬಸ್ಸು ಬರುವ ತನಕ ಅಲ್ಲಿನ ಕಲ್ಲಿನ ಮೇಲೆ ಕೂತಿದ್ದರು. ಉಸಿರು ಸರಿಯಾದ ಮೇಲೆ ಹೇಳಿದರು, "ಇನ್ನೊಂದು ತಿಂಗಳಿಗೆ ಮೊಟ್ಟೆ ಬರ್ತವೆ. ಊರೆಲ್ಲ ಖುಷಿ ಪಡ್ತದೆ. ಆವಾಗ ನೀನು ಏನೂ ಹೇಳೋಕೆ ಹೋಗಬೇಡ. ನಿನ್ನನ್ನೂ ಬೈತಾರೆ."

ಬಸ್ಸು ತುಂಬಿತ್ತು. ಒಬ್ಬರು ಕೈಹಿಡಿದು ಅವರನ್ನು ಮೇಲಕ್ಕೆ ಹತ್ತಿಸಿಕೊಂಡರು. ನಾನು ಮನೆಗೆ ಬರುವಷ್ಟರಲ್ಲಿ ಕತ್ತಲಾಗಿತ್ತು. ಶೆಡ್ಡಿನಲ್ಲಿ ಬಲ್ಬುಗಳು ಉರಿಯುತ್ತಿದ್ದವು, ಕೋಳಿಗಳು ಮೇಯುತ್ತಿದ್ದವು.